ಡಿಬಿಎಸ್‌ನಿಂದ ಎಷ್ಟು ಗುಣ? ಮೆದುಳಿನ ಸ್ಕ್ಯಾನ್ ನೋಡಿ ಅಂದಾಜಿಸುವುದು ಹೇಗೆ

ಪಾರ್ಕಿನ್ಸನ್ ಕಾಯಿಲೆಗೆ ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಅಂದರೆ ಡಿಬಿಎಸ್ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ರೋಗಿಗೂ ಮನೆಯವರಿಗೂ ಮೊದಲು ಕಾಡುವುದು ‘ಎಷ್ಟು ಗುಣ ಕಾಣಬಹುದು’ ಎಂಬ ಪ್ರಶ್ನೆ. ಮೆದುಳಿನ ಆಳಕ್ಕೆ ತೆಳುವಾದ ಎಲೆಕ್ಟ್ರೋಡ್ ಇಳಿಸಿ, ಎದೆಯ ಚರ್ಮದಡಿ ಇರಿಸಿದ ಸಾಧನದಿಂದ ವಿದ್ಯುತ್ ಹರಿಸುವ ಈ ಚಿಕಿತ್ಸೆ ಒಬ್ಬರ ನಡುಕವನ್ನು ಬಹುಪಾಲು ನಿಲ್ಲಿಸಿದರೆ, ಇನ್ನೊಬ್ಬರಲ್ಲಿ ಅಲ್ಪ ಬದಲಾವಣೆಯನ್ನಷ್ಟೇ ತರಬಹುದು. ಈ ಅಂತರವನ್ನು ಮುಂಚಿತವಾಗಿ ಅಂದಾಜಿಸಲು ಸ್ಕ್ಯಾನ್‌ಗಳು ಹೇಗೆ ನೆರವಾಗುತ್ತವೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಮೊದಲ ಹಂತದಲ್ಲಿ ಸ್ಕ್ಯಾನ್ ಇರುವುದೇ ಇಲ್ಲ. ರಾತ್ರಿಯಿಂದ ಸುಮಾರು 12 ಗಂಟೆ ಔಷಧಿ ನಿಲ್ಲಿಸಿ, ಬೆಳಿಗ್ಗೆ ಪಾರ್ಕಿನ್ಸನ್ ತೀವ್ರತೆ ಅಳೆಯುವ ಯುಪಿಡಿಆರ್‌ಎಸ್ ಮಾಪನದಲ್ಲಿ ರೋಗಿಯ ಚಲನೆಗೆ ಅಂಕ ಕೊಡುತ್ತಾರೆ. ಬಳಿಕ ಪಾರ್ಕಿನ್ಸನ್‌ನ ಪ್ರಮುಖ ಔಷಧಿಯಾದ ಲೆವೊಡೋಪಾ ಕೊಟ್ಟು ಮತ್ತೆ ಅಳೆಯುತ್ತಾರೆ. ಈ ಮಾಪನದಲ್ಲಿ ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. 40 ಇದ್ದ ಅಂಕ 20ಕ್ಕೆ ಇಳಿದರೆ ಸುಧಾರಣೆ ಶೇ 50. ಸಾಮಾನ್ಯವಾಗಿ ಶೇ 30ಕ್ಕಿಂತ ಹೆಚ್ಚು ಸುಧಾರಣೆ ಕಂಡವರನ್ನು ಶಸ್ತ್ರಚಿಕಿತ್ಸೆಗೆ ಪರಿಗಣಿಸಲಾಗುತ್ತದೆ. ಔಷಧಿಗೆ ಬಗ್ಗದ ನಡುಕ ಡಿಬಿಎಸ್‌ಗೆ ಬಗ್ಗುವುದುಂಟು. ಆದರೆ ಔಷಧಿಯಿಂದ ಸರಿಹೋಗದ ಸಮತೋಲನ ಮತ್ತು ಮಾತಿನ ತೊಂದರೆಗಳು ಸಾಮಾನ್ಯವಾಗಿ ಇದರಿಂದಲೂ ಸರಿಹೋಗುವುದಿಲ್ಲ. ಮುಂದೆ ಸ್ಕ್ಯಾನ್ ಏನೇ ಹೇಳಿದರೂ ಅದನ್ನು ಈ ಪರೀಕ್ಷೆಯ ಪಕ್ಕದಲ್ಲಿಟ್ಟೇ ಓದಬೇಕು.

ಎರಡನೆಯದಾಗಿ, ಕಾಯಿಲೆ ನಿಜಕ್ಕೂ ಪಾರ್ಕಿನ್ಸನ್ ಹೌದೇ ಎಂಬುದನ್ನು ಎಂಆರ್‌ಐ ನೆರವಿನಿಂದ ಪರಿಶೀಲಿಸುತ್ತಾರೆ. ಮೆದುಳಿನ ಕಾಂಡದ ಪಾನ್ಸ್ ಭಾಗದಲ್ಲಿ ಶಿಲುಬೆಯಾಕಾರದ ಬಿಳಿ ಗುರುತು ಕಂಡರೆ ಮಲ್ಟಿಪಲ್ ಸಿಸ್ಟಮ್ ಅಟ್ರೋಫಿಯ ಶಂಕೆ ಏಳುತ್ತದೆ. ಅದರ ಮೇಲಿನ ಮಿಡ್‌ಬ್ರೈನ್ ಕುಗ್ಗಿದ್ದರೆ ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿಯ ಶಂಕೆ. ಪಾರ್ಕಿನ್ಸನ್‌ನಂತೆಯೇ ತೋರುವ ಈ ಎರಡು ಬೇರೆ ಕಾಯಿಲೆಗಳಲ್ಲೂ ಡಿಬಿಎಸ್‌ನಿಂದ ಉಳಿಯುವಂಥ ಪ್ರಯೋಜನ ಸಿಗುವುದಿಲ್ಲ. ಮೆದುಳು ತೀರಾ ಕುಗ್ಗಿದೆಯೇ, ಹಳೆಯ ಪಾರ್ಶ್ವವಾಯುವಿನ ಗುರುತುಗಳಿವೆಯೇ ಎಂಬುದನ್ನೂ ಇದೇ ಚಿತ್ರದಲ್ಲಿ ನೋಡುತ್ತಾರೆ.

ಮೂರನೆಯದು ಗುರಿ ಗುರುತಿಸುವ ಕೆಲಸ. ಹೆಚ್ಚಾಗಿ ಆಯ್ದುಕೊಳ್ಳುವ, ಮೆದುಳಿನ ಆಳದಲ್ಲಿರುವ ನರಕೋಶಗಳ ಪುಟ್ಟ ಗುಂಪಾದ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ನ ಉದ್ದ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಅದರಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಟಿ2 ಬಗೆಯ ಎಂಆರ್‌ಐ ಚಿತ್ರದಲ್ಲಿ ಅದು ಕಪ್ಪಾಗಿ ಕಾಣುತ್ತದೆ. ಇಷ್ಟು ಪುಟ್ಟ ಜಾಗದಲ್ಲೂ ಚಲನೆಗೆ ಸಂಬಂಧಿಸಿದ್ದು ಮುಖ್ಯವಾಗಿ ಮೇಲಿನ ಹೊರಬದಿ. ಭಾವನೆಗಳ ಜಾಲಕ್ಕೆ ಸೇರಿದ ಭಾಗ ಮುಂದಕ್ಕೆ, ಒಳಬದಿಗಿದೆ.

ನಾಲ್ಕನೆಯ ಹಂತವೇ ಇಡೀ ಲೆಕ್ಕಾಚಾರದ ತಳಪಾಯ ಎಂಬುದು ನನ್ನ ಅಭಿಪ್ರಾಯ. ಶಸ್ತ್ರಚಿಕಿತ್ಸೆಯ ನಂತರ ಸಿ.ಟಿ. ಸ್ಕ್ಯಾನ್ ತೆಗೆದು, ಅದನ್ನು ಮೊದಲಿನ ಎಂಆರ್‌ಐ ಮೇಲೆ ಕೂಡಿಸಿ, ಎಲೆಕ್ಟ್ರೋಡ್ ನಿಜವಾಗಿ ಎಲ್ಲಿ ಕುಳಿತಿದೆ ಎಂದು ಪತ್ತೆ ಮಾಡುತ್ತಾರೆ. ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಮಾದರಿಯ ಎಲೆಕ್ಟ್ರೋಡ್‌ನ ದಪ್ಪ 1.27 ಮಿಲಿಮೀಟರ್, ಅದರ ತುದಿಯಲ್ಲಿ ನಾಲ್ಕು ಲೋಹದ ಉಂಗುರಗಳು, ಒಂದೊಂದೂ 1.5 ಮಿಲಿಮೀಟರ್ ಉದ್ದ, ನಡುವೆ ಅರ್ಧ ಮಿಲಿಮೀಟರ್ ಅಂತರ. ಸಿ.ಟಿ.ಯಲ್ಲಿ ಲೋಹವು ಹೊಳಪಿನ ಗೆರೆಯಾಗಿ ಹರಡಿಕೊಂಡು ಕಾಣುವುದರಿಂದ ಯಾವ ಉಂಗುರ ಎಲ್ಲಿದೆ ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ತಂತ್ರಾಂಶದ ಲೆಕ್ಕ ಬೇಕಾಗುತ್ತದೆ. ಮೇಲಾಗಿ ಶಸ್ತ್ರಚಿಕಿತ್ಸೆಯ ವೇಳೆ ತಲೆಬುರುಡೆಯೊಳಗೆ ಸೇರಿದ ಗಾಳಿಯಿಂದ ಮೆದುಳು ಕೊಂಚ ಜರುಗಿರುತ್ತದೆ. ಅದನ್ನು ಸರಿದೂಗಿಸದಿದ್ದರೆ ಒಂದು ಉಂಗುರದಷ್ಟು ತಪ್ಪು ನುಸುಳಬಹುದು, ಆಗ ಮುಂದಿನ ಊಹೆಯೆಲ್ಲ ಬುಡದಲ್ಲೇ ತಪ್ಪಿದಂತೆ.

ಐದನೆಯ ಹಂತದಲ್ಲಿ, ಹರಿಸಿದ ವಿದ್ಯುತ್ ಉಂಗುರದ ಸುತ್ತ ಎಷ್ಟು ದೂರದವರೆಗೆ ನರತಂತುಗಳನ್ನು ಪ್ರಚೋದಿಸುತ್ತದೆ ಎಂದು ಕಂಪ್ಯೂಟರ್ ಮಾದರಿಯಿಂದ ಅಂದಾಜಿಸುತ್ತಾರೆ. ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 130 ಮಿಡಿತಗಳು, ಪ್ರತಿ ಮಿಡಿತಕ್ಕೆ 60 ಮೈಕ್ರೋಸೆಕೆಂಡ್ ಎಂಬ ಹೊಂದಾಣಿಕೆಯಿಂದ ಆರಂಭಿಸಿ, ವಿದ್ಯುತ್ತಿನ ಪ್ರಮಾಣವನ್ನು ನಿಧಾನವಾಗಿ ಏರಿಸುತ್ತಾರೆ. ಹೀಗೆ ಪ್ರಚೋದನೆಗೊಳ್ಳುವ ವಲಯ ಹೊರಬದಿಯ ಇಂಟರ್ನಲ್ ಕ್ಯಾಪ್ಸೂಲ್ ಎಂಬ ನರತಂತುಗಳ ಕಟ್ಟಿಗೆ ತಾಗಿದರೆ ಮುಖದ ಸ್ನಾಯು ಸೆಳೆಯಬಹುದು, ಮಾತು ತೊದಲಬಹುದು.

ಆರನೆಯದು, ಈ ವಲಯ ಮೆದುಳಿನ ಯಾವ್ಯಾವ ಭಾಗಗಳೊಂದಿಗೆ ಬೆಸೆದುಕೊಂಡಿದೆ ಎಂಬ ಹುಡುಕಾಟ. ಇದಕ್ಕೆ ಅನೇಕ ಜನರ ಎಂಆರ್‌ಐಗಳಿಂದ ರಚಿಸಿದ ನರಜಾಲದ ನಕ್ಷೆಯನ್ನು ಬಳಸಬಹುದು. 2017ರಲ್ಲಿ ಸಂಶೋಧಕ ಆಂಡ್ರಿಯಾಸ್ ಹಾರ್ನ್ ಮತ್ತು ಸಂಗಡಿಗರು 51 ರೋಗಿಗಳ ಮಾಹಿತಿಯಿಂದ ಇಂಥ ಮಾದರಿಯೊಂದನ್ನು ಕಟ್ಟಿ, ಬೇರೊಂದು ಕೇಂದ್ರದ 44 ರೋಗಿಗಳ ಮೇಲೆ ಪರೀಕ್ಷಿಸಿದರು. ಪ್ರಚೋದಿತ ವಲಯಕ್ಕೆ, ಚಲನೆಯನ್ನು ಯೋಜಿಸುವ ಸಪ್ಲಿಮೆಂಟರಿ ಮೋಟಾರ್ ಏರಿಯಾ ಎಂಬ ಮೆದುಳಿನ ಭಾಗದೊಂದಿಗೆ ನರತಂತುಗಳ ಸಂಪರ್ಕ ಬಲವಾಗಿದ್ದಾಗ ಸುಧಾರಣೆಯೂ ಹೆಚ್ಚಿತ್ತು. ವ್ಯಕ್ತಿವಾರು ಅಂದಾಜಿನಲ್ಲಿ ಸರಾಸರಿ ತಪ್ಪು ಶೇ 15ರಷ್ಟಿತ್ತು. ಅಂದರೆ ಮಾದರಿ ಶೇ 50 ಸುಧಾರಣೆ ಎಂದು ಹೇಳಿದಾಗ ವಾಸ್ತವದಲ್ಲಿ ಅದು 35 ಆಗಿರಬಹುದು, 65 ಆಗಿರಬಹುದು. ಕೆಲವರಲ್ಲಿ ಅಂತರ ಇನ್ನೂ ಹೆಚ್ಚು.

ಮಾದರಿಯನ್ನು ಯಾರ ಮಾಹಿತಿಯಿಂದ ಕಟ್ಟಿದರೋ ಅವರ ಮೇಲೆಯೇ ಪರೀಕ್ಷಿಸಿದರೆ ಫಲಿತಾಂಶ ಚೆನ್ನಾಗಿಯೇ ಬರುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ಇಂಥ ಸುದ್ದಿ ಓದುವಾಗ ಹೊಸ ರೋಗಿಗಳ ಮೇಲೆ ಪರೀಕ್ಷೆ ನಡೆದಿದೆಯೇ ಎಂಬುದನ್ನು ತಪ್ಪದೆ ಗಮನಿಸಬೇಕು.

ಇಲ್ಲಿ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಈ ಬಗೆಯ ಊಹೆ ಗಟ್ಟಿಯಾಗುವುದು ಎಲೆಕ್ಟ್ರೋಡ್ ಇಳಿಸಿದ ನಂತರ. ಆದ್ದರಿಂದ ‘ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲೇ’ ಎಂಬುದಕ್ಕಿಂತ ‘ಯಾವ ಉಂಗುರಕ್ಕೆ ಎಷ್ಟು ವಿದ್ಯುತ್ ಕೊಡಬೇಕು’ ಎಂಬ ಪ್ರಶ್ನೆಗೆ ಅದು ಹೆಚ್ಚು ನೆರವಾಗುತ್ತದೆ. ಟೊರಾಂಟೊ ತಂಡವೊಂದು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 67 ರೋಗಿಗಳಿಗೆ ಡಿಬಿಎಸ್ ಚಾಲನೆಯಲ್ಲಿರುವಾಗಲೇ ಮೆದುಳಿನ ಚಟುವಟಿಕೆ ತೋರಿಸುವ ಫಂಕ್ಷನಲ್ ಎಂಆರ್‌ಐ ಮಾಡಿ, ಸರಿಯಾದ ಹೊಂದಾಣಿಕೆಯನ್ನು ಸರಿಯಲ್ಲದ್ದರಿಂದ ಶೇ 88ರಷ್ಟು ನಿಖರವಾಗಿ ಬೇರ್ಪಡಿಸಿತ್ತು. ಇದನ್ನು ಕಂಡು ಸಾಧನ ಅಳವಡಿಸಿಕೊಂಡವರೆಲ್ಲ ಎಂಆರ್‌ಐ ಮಾಡಿಸಬಹುದು ಎಂದು ತಿಳಿಯಬಾರದು. ಲೋಹ ಬಿಸಿಯಾಗುವ ಅಪಾಯವಿರುವುದರಿಂದ, ಅಳವಡಿಸಿದ ಮಾದರಿಗೆ ತಯಾರಕರು ವಿಧಿಸಿದ ಷರತ್ತುಗಳನ್ನು ಪರಿಶೀಲಿಸಿಯೇ ಸ್ಕ್ಯಾನ್ ಮಾಡಬೇಕು.

ರೋಗಿಯ ಕಡೆಯವರು ಮಾಡಬಹುದಾದ ಕೆಲಸವೂ ಒಂದಿದೆ. ಶಸ್ತ್ರಚಿಕಿತ್ಸೆಗೆ ಮುಂಚಿನ ಎಂಆರ್‌ಐ ಮತ್ತು ನಂತರದ ಸಿ.ಟಿ., ಎರಡರ ಮೂಲ ಡಿಜಿಟಲ್ ಕಡತಗಳನ್ನು ಆಸ್ಪತ್ರೆಯಿಂದ ಕೇಳಿ ಪಡೆದು, ಸಾಧನದ ಮಾದರಿಯ ವಿವರದೊಂದಿಗೆ ಜೋಪಾನವಾಗಿ ಇಟ್ಟುಕೊಳ್ಳಿ. ವರ್ಷಗಳ ನಂತರ ಬೇರೆ ವೈದ್ಯರು ಸಾಧನವನ್ನು ಮರುಹೊಂದಿಸಬೇಕಾಗಿ ಬಂದಾಗ, ಎಲೆಕ್ಟ್ರೋಡ್‌ನ ಜಾಗವನ್ನು ಈ ಎರಡು ಕಡತಗಳಿಂದಲೇ ಮತ್ತೆ ಲೆಕ್ಕ ಹಾಕಬಹುದು. ಅಚ್ಚು ಹಾಕಿಸಿದ ಫಿಲ್ಮ್‌ನಿಂದ ಅದು ಸಾಧ್ಯವಿಲ್ಲ.