ಸಂಕೇತ ನಿಂತಾಗ ದೀಪ ಏನು ಮಾಡಬೇಕು

ಸಾಗರದಿಂದ ಅರ್ಧ ಗಂಟೆ ದೂರದ ಒಂದು ಹಳ್ಳಿ. ಅಡಿಕೆ ಒಣಗಿಸುವ ಅಂಗಳದ ಒಂದು ಬದಿಗೆ ಹಲಗೆ ಹಾಸಿ ರಂಗ ಕಟ್ಟಿದ್ದೆವು. ನಾಟಕದ ಕೊನೆಯ ಭಾಗ. ಮಗನ ಶವದ ಮುಂದೆ ತಾಯಿ ಕುಳಿತಿದ್ದಾಳೆ, ಸುತ್ತ ಮಂದವಾದ ನೀಲಿ ಬೆಳಕು. ಆಗ ಮನೆಯ ಲೈನಿನ ಕರೆಂಟು ಹೋಯಿತು. ದೀಪಗಳು ಜನರೇಟರಿನ ಮೇಲಿದ್ದುದರಿಂದ ಆರಲಿಲ್ಲ. ಆದರೆ ಪ್ರೇಕ್ಷಕರ ಹಿಂದೆ ಬೆಳಕು ನಿಯಂತ್ರಿಸಲು ಇಟ್ಟಿದ್ದ ನನ್ನ ಮೇಜಿಗೆ ಮನೆಯಿಂದಲೇ ವಿದ್ಯುತ್ ಎಳೆದುಕೊಂಡಿದ್ದೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಉಳಿಯಿತು, ಅದರ ಸಂಕೇತವನ್ನು ರಂಗದ ಕಡೆಗೆ ದಾಟಿಸುವ ಪಕ್ಕದ ನೆಟ್‌ವರ್ಕ್ ಸ್ವಿಚ್ ನಿಂತುಹೋಯಿತು. ಎರಡು ಮೂರು ಸೆಕೆಂಡು ಏನೂ ಆಗಲಿಲ್ಲ. ಆಮೇಲೆ ಎಡಗಡೆಯ ನಾಲ್ಕು ದೀಪಗಳು ಕಪ್ಪಾದವು, ಬಲಗಡೆಯವು ಇದ್ದಂತೆಯೇ ನಿಂತವು, ಹಿಂದಿನ ಸಾಲಿನ ಎರಡು ದೀಪಗಳು ಮದುವೆ ಮಂಟಪದಲ್ಲಿದ್ದಂತೆ ಕೆಂಪು, ಹಸಿರು, ಹಳದಿಗೆ ತಿರುಗತೊಡಗಿದವು. ತಾಯಿಯ ಪಾತ್ರ ಮಾಡುತ್ತಿದ್ದವರು ತಲೆ ಎತ್ತಲಿಲ್ಲ, ಮಾತು ತಪ್ಪಲಿಲ್ಲ. ಅವರ ಆ ನಿಷ್ಠೆಗೆ ತಕ್ಕ ಬೆಳಕನ್ನು ಕೊಡಲಾಗಲಿಲ್ಲವೆಂಬ ನೋವು ನನಗೆ ಈಗಲೂ ಇದೆ.

ಹವ್ಯಾಸಿ ತಂಡಗಳಿಗೆ ಬೆಳಕು ಮಾಡುತ್ತಾ ಬಂದವನು ನಾನು. ಮೇಜಿನಿಂದ ದೀಪಕ್ಕೆ ಸಂಕೇತ ತಲುಪಿಸುವುದನ್ನು ವರ್ಷಗಟ್ಟಲೆ ಕಲಿತಿದ್ದೆ. ಅದು ನಡುವೆ ನಿಂತುಹೋದರೆ ದೀಪ ಏನು ಮಾಡಬೇಕೆಂದು ಆ ರಾತ್ರಿಯವರೆಗೆ ಕೇಳಿಕೊಂಡಿರಲಿಲ್ಲ.

ಹೆಗ್ಗೋಡಿನ ನೀನಾಸಮ್‌ ತಿರುಗಾಟ ಶುರುವಾದದ್ದು 1985ರಲ್ಲಿ. ಇವತ್ತು ಒಂದು ಊರು, ನಾಳೆ ಇನ್ನೊಂದು ಊರು, ಹೋದಲ್ಲೆಲ್ಲ ಕೆಲವೇ ಗಂಟೆಗಳಲ್ಲಿ ರಂಗ ಸಜ್ಜಾಗಬೇಕು ಎಂಬ ಶಿಸ್ತನ್ನು ನಮ್ಮ ಕಡೆಯ ಬೆಳಕಿನವರು ಕಣ್ಣಾರೆ ಕಂಡದ್ದು ಅಲ್ಲಿ. ಅದರ ಮರುವರ್ಷವೇ, 1986ರಲ್ಲಿ, ಅಮೆರಿಕದ ರಂಗತಂತ್ರಜ್ಞರ ಸಂಸ್ಥೆ ಯುಎಸ್‌ಐಟಿಟಿ ಮೇಜಿನಿಂದ ದೀಪಕ್ಕೆ ಸಂಕೇತ ಕಳಿಸುವ ಡಿಎಂಎಕ್ಸ್512 ಎಂಬ ನಿಯಮಾವಳಿಯನ್ನು ರೂಪಿಸಿತು. ಅಲ್ಲಿಯವರೆಗೆ ಒಂದು ಕಂಪನಿಯ ಮೇಜಿಗೆ ಇನ್ನೊಂದು ಕಂಪನಿಯ ಡಿಮ್ಮರ್, ಅಂದರೆ ದೀಪದ ಬೆಳಕನ್ನು ಏರಿಳಿಸುವ ಪೆಟ್ಟಿಗೆ, ಹೊಂದುತ್ತಿದ್ದುದು ಕಡಿಮೆ. ಹಳೆಯ ಪದ್ಧತಿಯಲ್ಲಿ ಪ್ರತಿ ಡಿಮ್ಮರಿಗೂ ಒಂದೊಂದು ತಂತಿ ಬೇಕಾಗಿತ್ತು. ಡಿಎಂಎಕ್ಸ್ ಬಂದಮೇಲೆ ಒಂದೇ ಕೇಬಲ್ಲಿನಲ್ಲಿ 512 ಚಾನೆಲ್‌ಗಳು. ಒಂದೊಂದು ಚಾನೆಲ್‌ಗೂ 0ಯಿಂದ 255ರವರೆಗಿನ ಒಂದು ಅಂಕೆ. ಸೆಕೆಂಡಿಗೆ ಎರಡೂವರೆ ಲಕ್ಷ ಬಿಟ್‌ಗಳ ವೇಗ; 512 ಚಾನೆಲ್‌ಗಳ ಇಡೀ ಪಟ್ಟಿ ಸೆಕೆಂಡಿಗೆ ಸುಮಾರು 44 ಸಲ ಹೊಸದಾಗಿ ಹೋಗುತ್ತದೆ. ಮೇಜು ಹೇಳುತ್ತಲೇ ಇರುತ್ತದೆ, ದೀಪ ಕೇಳುತ್ತಲೇ ಇರುತ್ತದೆ. ಕೇಳಿಸಿತೋ ಇಲ್ಲವೋ ಎಂದು ತಿರುಗಿ ಹೇಳುವ ದಾರಿ ಮೂಲ ಡಿಎಂಎಕ್ಸ್‌ನಲ್ಲಿಲ್ಲ. 2006ರಲ್ಲಿ ಬಂದ ಆರ್‌ಡಿಎಂ ಅದೇ ತಂತಿಯಲ್ಲಿ ದೀಪಕ್ಕೂ ಬಾಯಿ ಕೊಟ್ಟಿತು. ಆದರೆ ನಮ್ಮಂಥ ತಂಡಗಳು ಬಾಡಿಗೆಗೆ ತರುವ ದೀಪಗಳಲ್ಲಿ ಅದು ಇರುವುದು ಅಪರೂಪ.

ಮೊದಲು ನಾವು ಬಳಸುತ್ತಿದ್ದುದು ಮೈಕಿನ ಕೇಬಲ್. ಮೂರು ಪಿನ್ನಿನ ಕನೆಕ್ಟರ್ ಎರಡಕ್ಕೂ ಒಂದೇ ಆಗಿ ಕಾಣುತ್ತದೆ, ಹಾಕಿದರೆ ದೀಪವೂ ಹತ್ತುತ್ತದೆ. ಹತ್ತು ಮೀಟರಿಗೆ ತೊಂದರೆ ಕಾಣಿಸಲಿಲ್ಲ. ಅಂಗಳದ ಆ ತುದಿಯಿಂದ ಈ ತುದಿಗೆ ಎಪ್ಪತ್ತು ಮೀಟರ್ ಎಳೆದಾಗ ಕೊನೆಯ ದೀಪ ನಡುಗತೊಡಗಿತು. ಕಾರಣ ಸರಳ. ಬಾವಿಗೆ ಬಗ್ಗಿ ಕೂಗಿದರೆ ಮರುದನಿ ಬರುವಂತೆ, ತೆರೆದ ತುದಿಗೆ ಹೋದ ಸಂಕೇತ ತಿರುಗಿ ಬಂದು ಹಿಂದೆ ಬರುತ್ತಿರುವ ಸಂಕೇತವನ್ನು ಕಲಕುತ್ತದೆ. ಆ ಮರುದನಿಯನ್ನು ನುಂಗಲು ಕೊನೆಯ ದೀಪದಲ್ಲಿ 120 ಓಮ್‌ನ ಒಂದು ರೆಸಿಸ್ಟರ್ ಬೇಕು. ಒಂದು ಗಂಡು ಕನೆಕ್ಟರ್ ಬಿಚ್ಚಿ, ಎರಡನೆಯ ಮತ್ತು ಮೂರನೆಯ ಪಿನ್ನುಗಳ ನಡುವೆ ರೆಸಿಸ್ಟರನ್ನು ಬೆಸುಗೆ ಹಾಕಿ ಮುಚ್ಚಿದರೆ ಟರ್ಮಿನೇಟರ್ ಸಿದ್ಧ. ಖರ್ಚು ಒಂದು ಊಟದ ಬೆಲೆಯೂ ಆಗುವುದಿಲ್ಲ. ಅಂಥ ಆರು ನನ್ನ ಪೆಟ್ಟಿಗೆಯಲ್ಲಿ ಯಾವಾಗಲೂ ಇರುತ್ತವೆ. ಒಂದು ಕೇಬಲ್ಲನ್ನು ವೈ ಆಕಾರದಲ್ಲಿ ಎರಡಾಗಿ ಸೀಳುವುದನ್ನೂ ಅವತ್ತೇ ಬಿಟ್ಟೆ; ಕವಲು ಬೇಕಾದರೆ ಸ್ಪ್ಲಿಟರ್ ಹಾಕುತ್ತೇನೆ.

ನೆಟ್‌ವರ್ಕಿಗೆ ದಾಟಿದ್ದು ಹಿನ್ನೆಲೆ ಪರದೆಗೆ ಎಲ್‌ಇಡಿ ಪಟ್ಟಿಗಳನ್ನು ತಂದಾಗ. ಕೆಂಪು, ಹಸಿರು, ನೀಲಿ ಎಂದು ಒಂದೊಂದು ಬಿಂದುವಿಗೆ ಮೂರು ಚಾನೆಲ್. 170 ಬಿಂದುಗಳಿಗೆ ಒಂದು ಯೂನಿವರ್ಸ್, ಅಂದರೆ 512 ಚಾನೆಲ್‌ಗಳ ಒಂದು ಕಟ್ಟು, ಮುಗಿದೇ ಹೋಗುತ್ತದೆ. ಐದಾರು ಡಿಎಂಎಕ್ಸ್ ಕೇಬಲ್ ಎಳೆಯುವ ಬದಲು ಒಂದು ಈಥರ್ನೆಟ್ ಕೇಬಲ್ ಎಳೆದು, ರಂಗದ ಪಕ್ಕದಲ್ಲಿ ನೋಡ್ ಎಂಬ ಪೆಟ್ಟಿಗೆ ಇಟ್ಟು, ಅಲ್ಲಿಂದ ಡಿಎಂಎಕ್ಸ್ ಕವಲು ಹೊರಡಿಸಿದೆವು. ಈಥರ್ನೆಟ್ ತಾಮ್ರಕ್ಕೆ ನೂರು ಮೀಟರಿನ ಮಿತಿಯಿದೆ, ನಮ್ಮ ಅಂಗಳಗಳಿಗೆ ಅಷ್ಟು ಸಾಕು. ಇನ್ನೊಂದು ಲಾಭ ಆಮೇಲೆ ತಿಳಿಯಿತು. ಮೇಜಿಗೆ ಮನೆಯ ಲೈನು, ರಂಗಕ್ಕೆ ಜನರೇಟರು ಎಂದಾಗ ಎರಡರ ಅರ್ತ್ ಒಂದೇ ಮಟ್ಟದಲ್ಲಿರುವುದಿಲ್ಲ. ಡಿಎಂಎಕ್ಸ್ ತಂತಿ ಅವೆರಡನ್ನೂ ನೇರವಾಗಿ ಬೆಸೆದುಬಿಡುತ್ತದೆ. ಈಥರ್ನೆಟ್ ಪೋರ್ಟಿನೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇದ್ದು ಎರಡು ಕಡೆಗಳನ್ನು ಬೇರೆಯಾಗಿಯೇ ಇಡುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿಗೆ ಮಾತ್ರ ಅದನ್ನು ನಂಬುವಂತಿಲ್ಲ. ಪಶ್ಚಿಮಕ್ಕೆ ಮೋಡ ಕಟ್ಟಿದ್ದು ಕಂಡರೆ, ಪ್ರಯೋಗ ಇನ್ನೂ ಶುರುವಾಗಿರದಿದ್ದರೆ, ನಾನು ಎರಡೂ ತುದಿ ಕಿತ್ತಿಡುತ್ತೇನೆ.

ಮೊದಲು ಬಳಸಿದ್ದು ಆರ್ಟ್‌ನೆಟ್, ಡಿಎಂಎಕ್ಸ್ ಅಂಕೆಗಳನ್ನು ನೆಟ್‌ವರ್ಕಿನಲ್ಲಿ ಸಾಗಿಸುವ ಒಂದು ನಿಯಮಾವಳಿ. ಬ್ರಿಟನ್ನಿನ ಆರ್ಟಿಸ್ಟಿಕ್ ಲೈಸೆನ್ಸ್ ಕಂಪನಿ 1998ರಲ್ಲಿ ಹೊರತಂದದ್ದು, ಯಾರು ಬೇಕಾದರೂ ಬಳಸಬಹುದು. ಮೊದಲ ದಿನ ನೋಡ್ ಪೆಟ್ಟಿಗೆಯ ಸೂಚಕ ದೀಪ ಮಿನುಗಲೇ ಇಲ್ಲ. ಒಂದು ಗಂಟೆ ಕೇಬಲ್ ಬದಲಿಸಿದೆ, ಕನೆಕ್ಟರ್ ಒತ್ತಿದೆ. ಕೊನೆಗೆ ನೋಡಿದರೆ ಲ್ಯಾಪ್‌ಟಾಪ್ ತನ್ನ ಎರಡು ದಾರಿಗಳಲ್ಲಿ ವೈಫೈಯನ್ನು ಆರಿಸಿಕೊಂಡು, ಅಂಕೆಗಳನ್ನೆಲ್ಲ ಗಾಳಿಗೆ ಕಳಿಸುತ್ತಿತ್ತು. ವೈಫೈ ನಿಲ್ಲಿಸಿ, ಲ್ಯಾಪ್‌ಟಾಪಿಗೆ 2.0.0.10, ನೋಡ್‌ಗೆ 2.0.0.20 ಎಂದು ಸ್ಥಿರ ವಿಳಾಸ ಕೊಟ್ಟ ಕ್ಷಣ ಹಸಿರು ಚುಕ್ಕೆ ಮಿನುಗಿತು. ಆದರೂ ರಂಗ ಕತ್ತಲೆ. ಆರ್ಟ್‌ನೆಟ್ ಯೂನಿವರ್ಸ್‌ಗಳನ್ನು 0ಯಿಂದ ಎಣಿಸುತ್ತದೆ, ನಾನು ನೋಡ್‌ನಲ್ಲಿ 1 ಎಂದು ಬರೆದಿದ್ದೆ.

ಈಗ ಬಳಸುವುದು ಅದೇ ಕೆಲಸದ ಇನ್ನೊಂದು ನಿಯಮಾವಳಿ, ಎಸ್‌ಎಸಿಎನ್. ಅದು 2009ರಲ್ಲಿ ಅಮೆರಿಕದ ಮಾನಕವಾಯಿತು, ಯೂನಿವರ್ಸ್‌ಗಳನ್ನು 1ರಿಂದ ಎಣಿಸುತ್ತದೆ. ನನಗೆ ಅದರಲ್ಲಿ ಇಷ್ಟವಾದದ್ದು ಆದ್ಯತೆಯ ಅಂಕೆ. ಪ್ರತಿ ಮೇಜೂ ತನ್ನ ಸಂಕೇತದ ಜೊತೆ 0ಯಿಂದ 200ರೊಳಗಿನ ಒಂದು ಅಂಕೆಯನ್ನು ಕಳಿಸುತ್ತದೆ. ಹೆಚ್ಚಿನ ಅಂಕೆಯವರ ಮಾತು ನಡೆಯುತ್ತದೆ. ನನ್ನ ಮುಖ್ಯ ಲ್ಯಾಪ್‌ಟಾಪಿಗೆ 100, ರಂಗದ ಪಕ್ಕದಲ್ಲೇ ನೋಡ್ ಜೊತೆ ಇಟ್ಟಿರುವ ಹಳೆಯ ಲ್ಯಾಪ್‌ಟಾಪಿಗೆ 90. ಮುಖ್ಯದ್ದು ಮಾತು ನಿಲ್ಲಿಸಿದರೆ ಎರಡೂವರೆ ಸೆಕೆಂಡು ಕಾದು ನೋಡ್ ಎರಡನೆಯದರ ಮಾತು ಕೇಳುತ್ತದೆ. ಆ ಎರಡೂವರೆ ಸೆಕೆಂಡು ಮಾನಕದಲ್ಲೇ ಇರುವ ಅವಧಿ. ಆ ರಾತ್ರಿ ಮೊದಲು ಏನೂ ಆಗದೆ ಇದ್ದದ್ದು ಏಕೆಂದು ನನಗೆ ಆಮೇಲೆ ಅರ್ಥವಾಯಿತು: ನೋಡ್ ಕಾಯುತ್ತಿತ್ತು. ಕಾದು, ತನ್ನ ಡಿಎಂಎಕ್ಸ್ ನಿಲ್ಲಿಸಿಬಿಟ್ಟಿತು. ಆಮೇಲೆ ಪ್ರತಿಯೊಂದು ದೀಪವೂ ತನ್ನ ಕಾರ್ಖಾನೆಯಲ್ಲಿ ಕಲಿಸಿದ್ದನ್ನು ಮಾಡಿತು.

ಹಾಗಾಗಿ ಮಾರನೆಯ ವಾರ ಪ್ರತಿ ದೀಪದ ಮೆನು ತೆರೆದು ಕೂತೆ. ಸಂಕೇತವಿಲ್ಲದಾಗ ಆರಬೇಕೋ, ಇದ್ದಂತೆ ಇರಬೇಕೋ, ತಾನಾಗಿ ಬಣ್ಣ ತಿರುಗಿಸಬೇಕೋ ಎಂಬ ಆಯ್ಕೆ ಬಹಳ ದೀಪಗಳಲ್ಲಿ ಇರುತ್ತದೆ, ಮೂರು ನಾಲ್ಕು ಗುಂಡಿ ಒತ್ತಿದಮೇಲೆ ಸಿಗುತ್ತದೆ. ಎಲ್ಲವನ್ನೂ ಇದ್ದಂತೆ ಇರುವುದಕ್ಕೆ ಇಟ್ಟೆ. ನೋಡ್‌ಗೂ ಹಾಗೆಯೇ ಹೇಳಿದೆ. ಒಂದನ್ನು ಬಿಟ್ಟು: ಹೊಗೆಯಂತ್ರ. ಅದು ಹೊಗೆ ಉಗುಳುತ್ತಿರುವಾಗಲೇ ಸಂಕೇತ ನಿಂತು ಅದೇ ಸ್ಥಿತಿಯಲ್ಲಿ ಉಳಿದರೆ ನಟರಿಗೆ ಉಸಿರಾಡಲಾಗುವುದಿಲ್ಲ. ಅದಕ್ಕೆ ಬೇರೆ ಪೋರ್ಟ್ ಕೊಟ್ಟು, ಸಂಕೇತ ತಪ್ಪಿದರೆ ಸೊನ್ನೆಗೆ ಇಳಿಯುವಂತೆ ಮಾಡಿದ್ದೇನೆ. ಬಾಡಿಗೆಯ ದೀಪಗಳು ಪ್ರತಿ ಸಲ ಬೇರೆಯವರ ಕೈ ದಾಟಿ ಬರುವುದರಿಂದ ಈ ಮೆನುಗಳನ್ನು ಪ್ರತಿ ಪ್ರಯೋಗಕ್ಕೂ ತೆರೆದು ನೋಡಲೇಬೇಕು.

ತಂತಿಯಿಲ್ಲದೆ ಸಂಕೇತ ಕಳಿಸುವುದನ್ನು ಒಮ್ಮೆ ಪ್ರಯತ್ನಿಸಿದೆ. ಸಂಜೆ ಖಾಲಿ ಅಂಗಳದಲ್ಲಿ ಸರಿಯಾಗಿಯೇ ನಡೆಯಿತು. ರಾತ್ರಿ ನಾಲ್ಕು ನೂರು ಜನ ಮೊಬೈಲ್ ಹಿಡಿದು ಕೂತಮೇಲೆ ಬೆಳಕು ತೊದಲತೊಡಗಿತು. ಈಗ ದೀಪ ಹೊಂದಿಸುವ ಹೊತ್ತಿನಲ್ಲಿ ಏಣಿಯ ಮೇಲಿನಿಂದ ಮೊಬೈಲಿನಲ್ಲಿ ದೀಪ ಹತ್ತಿಸಿ ನೋಡಲು ಮಾತ್ರ ವೈಫೈ. ಪ್ರೇಕ್ಷಕರು ಬರುವ ಮುಂಚೆ ರೂಟರ್ ತೆಗೆದು ಚೀಲಕ್ಕೆ ಹಾಕುತ್ತೇನೆ.

ಹೋದ ವರ್ಷ ಒಂದು ಪೌರಾಣಿಕ ನಾಟಕದಲ್ಲಿ ದೇವಿ ಮೇಲಿನಿಂದ ಇಳಿದು ಬರುವ ದೃಶ್ಯ. ನಿರ್ದೇಶಕರು ಒಂದು ಮೋಟಾರು ತರಿಸಿದ್ದರು. "ಮಾರಾಯರೆ, ಇದನ್ನೂ ನಿಮ್ಮ ಮೇಜಿಗೇ ಜೋಡಿಸಿಬಿಡಿ, ಬೆಳಕು ಬರುವುದೂ ದೇವಿ ಇಳಿಯುವುದೂ ಒಟ್ಟಿಗೇ ಆಗಲಿ" ಎಂದರು. ನಾನು ಒಪ್ಪಲಿಲ್ಲ. ಡಿಎಂಎಕ್ಸ್‌ನಲ್ಲಿ ಬಂದ ಅಂಕೆ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಕಡ್ಡಾಯ ವ್ಯವಸ್ಥೆ ಇಲ್ಲ. ಅಪಾಯದ ಕೆಲಸಗಳಿಗೆ ಅದು ತಕ್ಕದ್ದಲ್ಲವೆಂದು ಆ ಮಾನಕವೇ ಹೇಳುತ್ತದೆ. ದೀಪಕ್ಕೆ 40ರ ಬದಲು 240 ಹೋದರೆ ಒಂದು ಕ್ಷಣ ಕಣ್ಣು ಕೋರೈಸುತ್ತದೆ, ಅಷ್ಟೆ. ಮೋಟಾರಿಗೆ ಹೋದರೆ ಮೇಲಿರುವುದು ಹದಿನೇಳು ವರ್ಷದ ಹುಡುಗಿ. ಮೋಟಾರು ಹಾಗೆಯೇ ವಾಪಸ್ ಹೋಯಿತು. ದೇವಿ ಏಣಿಯ ಮೆಟ್ಟಿಲಿನಿಂದ, ಹಿಂದಿನಿಂದ ಬಿದ್ದ ಬಿಳಿ ಬೆಳಕಿನಲ್ಲಿ ನಡೆದು ಬಂದಳು. ನಿರ್ದೇಶಕರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಅದು ನನಗೆ ದೊಡ್ಡದೆನಿಸಲಿಲ್ಲ.

ಆ ಹಳ್ಳಿಗೆ ಮತ್ತೆ ಅದೇ ನಾಟಕವನ್ನು ತೆಗೆದುಕೊಂಡು ಹೋದೆವು. ತಾಲೀಮಿನಲ್ಲಿ ತಾಯಿಯ ದೃಶ್ಯ ಬಂದಾಗ ಯಾರಿಗೂ ಹೇಳದೆ ಮುಖ್ಯ ಮೇಜಿನ ಕೇಬಲ್ಲನ್ನು ಕಿತ್ತೆ. ಒಂದು, ಎರಡು, ಮೂರು ಎಂದು ಎಣಿಸಿದೆ. ನೀಲಿ ಕದಲಲಿಲ್ಲ. ರಂಗದ ಪಕ್ಕದಲ್ಲಿ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಹುಡುಗ ಮುಂದಿನ ಕ್ಯೂ, ಅಂದರೆ ಮುಂದಿನ ಬೆಳಕಿನ ಬದಲಾವಣೆಯ ಗುಂಡಿ, ಒತ್ತಿದ. ಬೆಳಕು ಆ ತಾಯಿಯ ಮುಖದಿಂದ ನಿಧಾನಕ್ಕೆ ಕೈಗಳಿಗೆ ಇಳಿಯಿತು. ಆಮೇಲೆ ಕೇಬಲ್ಲನ್ನು ಮತ್ತೆ ಚುಚ್ಚಿದೆ.