‘ಸ್ಪೆಷಲ್ ಎಡಿಷನ್’ ಕಾರು: ಫ್ಯಾಕ್ಟರಿಯದೋ, ಡೀಲರ್ ಮಾಡಿದ್ದೋ? ಹೀಗೆ ಪತ್ತೆ ಮಾಡಿ

ಸೆಕೆಂಡ್ ಹ್ಯಾಂಡ್ ಕಾರಿನ ಜಾಹೀರಾತಿನಲ್ಲಿ ‘ಸ್ಪೆಷಲ್ ಎಡಿಷನ್’ ಅಂತ ಇದ್ದರೆ ಬೆಲೆಯೂ ಜಾಸ್ತಿ ಇರುತ್ತದೆ. ಆ ಜಾಸ್ತಿ ದುಡ್ಡು ಕೊಡುವ ಮೊದಲು, ಕಾರು ಫ್ಯಾಕ್ಟರಿಯಿಂದಲೇ ಹೀಗೆ ಬಂತಾ ಅಥವಾ ಆಮೇಲೆ ಯಾರಾದರೂ ಹೀಗೆ ಮಾಡಿಸಿದರಾ ಅಂತ ತಿಳಿದುಕೊಳ್ಳಿ.

ಇದರಲ್ಲಿ ಮೂರು ಬಗೆ. 2019ರ ಟಾಟಾ ಹ್ಯಾರಿಯರ್ ಡಾರ್ಕ್, 2022ರ ಹ್ಯುಂಡೈ ಕ್ರೆಟಾ ನೈಟ್ ಫ್ಯಾಕ್ಟರಿಯಲ್ಲೇ ತಯಾರಾದವು. ಎರಡನೆಯದು, ಕಂಪನಿಯೇ ಹೆಸರಿಟ್ಟು ಕೊಡುವ ಆಕ್ಸೆಸರಿ ಪ್ಯಾಕ್. 2024ರ ಟೊಯೋಟಾ ಹೈರೈಡರ್ ಫೆಸ್ಟಿವಲ್ ಎಡಿಷನ್ ಅಂಥದ್ದು: ಮಡ್‌ಫ್ಲ್ಯಾಪ್, ಡೋರ್ ವೈಸರ್, ಮ್ಯಾಟ್, ಡ್ಯಾಶ್‌ಕ್ಯಾಮ್, ಹೀಗೆ 50 ಸಾವಿರ ರೂಪಾಯಿ ಮೇಲ್ಪಟ್ಟ ಸಾಮಾನು. ಇದೂ ಮೋಸವಲ್ಲ, ಆದರೆ ಒಳಗಿರುವುದು ಅದೇ ಮಾಮೂಲಿ ಕಾರು. ಮೂರನೆಯದು ಡೀಲರೋ ಹೊರಗಿನ ಅಂಗಡಿಯವರೋ ಕಿಟ್ (ಕಾರಿನ ರೂಪ ಬದಲಿಸುವ ಬಂಪರ್, ಲೈಟ್‌ಗಳಂಥ ಭಾಗಗಳ ಸೆಟ್) ಹಾಕಿ, ಬ್ಯಾಡ್ಜ್ ಅಂಟಿಸಿದ್ದು. ಹುಷಾರಾಗಿರಬೇಕಾದದ್ದು ಇಲ್ಲೇ.

ಮೊದಲು ಕಾಗದ

ಕಾರಿನ ಹತ್ತಿರ ಹೋಗುವ ಮೊದಲೇ ಆರ್‌ಸಿ ಕೇಳಿ. ಫ್ಯಾಕ್ಟರಿ ವೇರಿಯಂಟ್ ಆಗಿದ್ದರೆ ಮಾಡೆಲ್ ಸಾಲಿನಲ್ಲಿ ಸಾಮಾನ್ಯವಾಗಿ ಅದರ ಹೆಸರು ಇರುತ್ತದೆ. ಎಂಪರಿವಾಹನ್ ಆ್ಯಪ್‌ನಲ್ಲೂ ನೋಡಿಕೊಳ್ಳಿ. ಆಮೇಲೆ ಮೊದಲ ಮಾಲೀಕರ ಹೆಸರಿನ ಶೋರೂಮ್ ಇನ್‌ವಾಯ್ಸ್. ವೇರಿಯಂಟ್ ಹೆಸರು ಕಾರಿನ ಬೆಲೆಯ ಜೊತೆಗೇ ಇದೆಯಾ, ಇಲ್ಲಾ ಆಕ್ಸೆಸರೀಸ್ ಅಂತ ಬೇರೆ ಬಿಲ್ ಇದೆಯಾ? ಬೇರೆ ಬಿಲ್ ಇದ್ದರೆ ಸಾಮಾನು ಆಮೇಲೆ ಹಾಕಿಸಿದ್ದು.

ಹೆಚ್ಚಿನವರು ನೋಡದೇ ಬಿಡುವ ಕಾಗದ ಇನ್ಶೂರೆನ್ಸ್ ಪಾಲಿಸಿ. ಕಾರಿನ ಐಡಿವಿ, ಅಂದರೆ ವಿಮೆಗಾಗಿ ನಿಗದಿ ಮಾಡುವ ಕಾರಿನ ಮೌಲ್ಯ, ಲೆಕ್ಕ ಹಾಕುವುದು ಕಂಪನಿಯ ಪಟ್ಟಿ ಬೆಲೆಯ ಮೇಲೆ. ಹೊರಗೆ ಹಾಕಿಸಿದ ಸಾಮಾನಿಗೆ ಎಲೆಕ್ಟ್ರಿಕಲ್, ನಾನ್-ಎಲೆಕ್ಟ್ರಿಕಲ್ ಆಕ್ಸೆಸರೀಸ್ ಅಂತ ಬೇರೆ ಕಾಲಂ ಇದೆ. ಅಲ್ಲಿ ಮೊತ್ತ ಇದ್ದರೆ ಉತ್ತರ ಸಿಕ್ಕಿತು. ಕಿಟ್ ಹಾಕಿಸಿಯೂ ಆ ಕಾಲಂ ಖಾಲಿ ಬಿಟ್ಟಿದ್ದರೆ ಕಿಟ್‌ಗೆ ವಿಮೆಯೇ ಇಲ್ಲ ಅಂತ ಅರ್ಥ.

ಆಮೇಲೆ ಕಾರು

ಟೊಯೋಟಾ ಫಾರ್ಚುನರ್ ಲೆಜೆಂಡರ್ ಉದಾಹರಣೆ ತಗೊಳ್ಳಿ. ಅದು ಫಾರ್ಚುನರ್‌ನದೇ ಒಂದು ಫ್ಯಾಕ್ಟರಿ ವೇರಿಯಂಟ್, ನಮ್ಮ ಬಿಡದಿಯಲ್ಲೇ ತಯಾರಾಗುವ ಗಾಡಿ. ಮಾಮೂಲಿ ಫಾರ್ಚುನರ್‌ಗೆ ಲೆಜೆಂಡರ್ ಬಂಪರ್, ಹೆಡ್‌ಲೈಟ್ ಹಾಕಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದು ಕಷ್ಟ. ಆದರೆ 2021ರಲ್ಲಿ ಲೆಜೆಂಡರ್ ಬಂದದ್ದು 2,755 ಸಿಸಿ ಡೀಸೆಲ್ ಎಂಜಿನ್‌ನಲ್ಲಿ, ಆಟೋಮ್ಯಾಟಿಕ್ ಗೇರ್‌ನಲ್ಲಿ ಮಾತ್ರ. ಆ ವರ್ಷದ ಗಾಡಿಯ ಆರ್‌ಸಿಯಲ್ಲಿ 2,694 ಸಿಸಿ ಪೆಟ್ರೋಲ್ ಅಂತ ಇದ್ದರೆ ಅಲ್ಲಿಗೆ ಮಾತು ಮುಗಿಯಿತು.

ಡೀಸೆಲ್ ಗಾಡಿಯಾದರೆ ಇನ್ನಷ್ಟು ನೋಡಬೇಕು. ಕೀ ಜೇಬಿನಲ್ಲಿಟ್ಟುಕೊಂಡು ಹಿಂದಿನ ಬಂಪರ್ ಕೆಳಗೆ ಕಾಲು ಆಡಿಸಿ. ಲೆಜೆಂಡರ್‌ನಲ್ಲಿ ಡಿಕ್ಕಿ ತಾನಾಗಿ ತೆರೆದುಕೊಳ್ಳಬೇಕು. ಬಾಗಿಲು ತೆಗೆದು ಕಪ್ಪು ಚಾವಣಿಯ ಅಂಚಿಗೆ ಉಗುರು ತಾಗಿಸಿ. ಪೇಂಟ್ ಆದರೆ ನುಣ್ಣಗೆ ಇರುತ್ತದೆ, ಅಂಟಿಸಿದ ಸ್ಟಿಕರ್ ಆದರೆ ಅಂಚು ಕೈಗೆ ಸಿಗುತ್ತದೆ. ಕೊನೆಗೆ ಚಾಸಿಸ್ ಮೇಲಿನ 17 ಅಕ್ಷರ-ಅಂಕಿಗಳ ನಂಬರ್ ಬರೆದುಕೊಂಡು ಕಂಪನಿ ಸರ್ವಿಸ್ ಸೆಂಟರ್‌ಗೆ ಹೋಗಿ, ಈ ನಂಬರಿನ ಗಾಡಿ ಯಾವ ವೇರಿಯಂಟ್ ಅಂತ ಕೇಳಿ. ಮಾರುವವರನ್ನೂ ಜೊತೆಗೆ ಕರೆದುಕೊಂಡು ಹೋದರೆ ಒಳ್ಳೆಯದು.

ಡೀಲರ್ ಮಾಡಿದ್ದೆಲ್ಲ ಕಳಪೆ ಅಂತಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡಾನ್ ಯೆಂಕೊ ಎಂಬ ಷೆವರ್ಲೆ ಡೀಲರ್ 1967ರಲ್ಲಿ ಕಮಾರೊ ಕಾರುಗಳಿಗೆ ತಮ್ಮಲ್ಲೇ 427 ಕ್ಯೂಬಿಕ್ ಇಂಚಿನ ದೊಡ್ಡ ಎಂಜಿನ್ ಕೂರಿಸಿದರು. 1969ರ ಹೊತ್ತಿಗೆ ಅದೇ ಎಂಜಿನ್ ಫ್ಯಾಕ್ಟರಿಯಲ್ಲೇ ಕೂರಿಸಿ ಕಳಿಸುವಂತೆ ಕಂಪನಿಗೆ ವಿಶೇಷ ಆರ್ಡರ್ ಕೊಟ್ಟರು. ಇವತ್ತು ಆ ಕಾರುಗಳಿಗೆ ಭಾರೀ ಬೆಲೆ. ಅಲ್ಲಿಯೂ ಕೊಳ್ಳುವವರು ಮೊದಲು ಕೇಳುವುದು ದಾಖಲೆಯನ್ನೇ.

ಕಾನೂನು, ಚೌಕಾಸಿ

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ಮೂಲ ವಿವರಗಳು ತಾಳೆಯಾಗದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಬಣ್ಣ ಬದಲಾಗಿದ್ದರೆ ಆರ್‌ಟಿಒ ದಾಖಲೆಯಲ್ಲೂ ಬದಲಾಗಿದೆಯಾ ನೋಡಿ.

ಕನ್ವರ್ಟ್ ಮಾಡಿಸಿದ್ದು ಅಂತ ಗೊತ್ತಾದ ಮೇಲೂ ಗಾಡಿ ಇಷ್ಟವಾದರೆ ಧಾರಾಳವಾಗಿ ಕೊಳ್ಳಿ. ಆದರೆ ಆರ್‌ಸಿಯಲ್ಲಿರುವ ವೇರಿಯಂಟ್‌ನ ಬೆಲೆಯಿಂದಲೇ ಮಾತು ಶುರು ಮಾಡಿ. ಬಿಚ್ಚಿಟ್ಟ ಹಳೇ ಬಂಪರ್, ಹೆಡ್‌ಲೈಟ್ ಇದ್ದರೆ ಅವನ್ನೂ ಕೇಳಿ ತಗೊಳ್ಳಿ. ಕಿಟ್‌ನ ಮೊತ್ತವನ್ನು ನಿಮ್ಮ ಹೆಸರಿನ ಪಾಲಿಸಿಯಲ್ಲಿ ಮೊದಲ ದಿನವೇ ಸೇರಿಸಿಕೊಳ್ಳಿ.