ವಕೀಲರ ಕಡತ ಮತ್ತು ಕೃತಕ ಬುದ್ಧಿಮತ್ತೆ: ಹಾಸನದ ಕಿರಿಯ ವಕೀಲರಿಗೆ ಕೆಲವು ಸೂಚನೆಗಳು

ನಾನು ಹಾಸನದಲ್ಲಿ ಹೆಚ್ಚಾಗಿ ಸಿವಿಲ್ ಪ್ರಕರಣಗಳನ್ನು ನಡೆಸುವ ವಕೀಲೆ. ಪಾಲು ದಾವೆ, ಶಾಶ್ವತ ನಿರ್ಬಂಧಕಾಜ್ಞೆ, ಚೆಕ್ ಅಮಾನ್ಯ, ಆಗೀಗ ಆಲೂರು, ಸಕಲೇಶಪುರದ ಕಡೆಯ ಕಾಫಿ ತೋಟಗಳ ಗಡಿ ತಕರಾರು ನನ್ನ ಬಳಿಗೆ ಬರುತ್ತವೆ. ಈಗ ಕಚೇರಿಗೆ ಸೇರುವ ಕಿರಿಯರ ಮೊಬೈಲಿನಲ್ಲಿ ಚಾಟ್‌ಜಿಪಿಟಿಯೋ ಜೆಮಿನಿಯೋ ಇದ್ದೇ ಇರುತ್ತದೆ. ಬಳಸಬೇಡಿ ಎಂದು ನಾನು ಹೇಳುವುದಿಲ್ಲ, ನಾನೂ ಬಳಸುತ್ತೇನೆ. ಆದರೆ ವಕಾಲತ್ತಿಗೆ ಸಹಿ ಹಾಕಿದವರು ನಾವು, ಕಕ್ಷಿದಾರರು ನಂಬಿರುವುದು ನಮ್ಮನ್ನು. ಆ ನಂಬಿಕೆಗೆ ಕುಂದು ಬಾರದಂತೆ ಅದನ್ನು ಬಳಸುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು, ಏನನ್ನು ಟೈಪ್ ಮಾಡಬಾರದು

ಕಕ್ಷಿದಾರರು ನಮಗೆ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವಂತಿಲ್ಲ. ಹಿಂದೆ 1872ರ ಸಾಕ್ಷ್ಯ ಅಧಿನಿಯಮದ 126ನೇ ಕಲಂನಲ್ಲಿದ್ದ ಈ ನಿಯಮ ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂನಲ್ಲಿದೆ. ಭಾರತೀಯ ವಕೀಲರ ಪರಿಷತ್ತಿನ ನಡವಳಿಕೆ ನಿಯಮಗಳೂ ಇದನ್ನೇ ಹೇಳುತ್ತವೆ. ವಾದಪತ್ರವನ್ನು ಉಚಿತ ಆ್ಯಪ್ ಒಂದಕ್ಕೆ ಅಂಟಿಸಿದರೆ ಅದು ನಮ್ಮ ಮೇಜಿನ ಮೇಲೆ ಉಳಿಯುವುದಿಲ್ಲ. ಎಲ್ಲೋ ಇರುವ ಕಂಪನಿಯ ಸರ್ವರ್‌ಗೆ ಹೋಗುತ್ತದೆ, ಸೆಟ್ಟಿಂಗ್ಸ್ ಬದಲಿಸದಿದ್ದರೆ ಮುಂದಿನ ಮಾದರಿಗಳ ತರಬೇತಿಗೂ ಬಳಕೆಯಾಗಬಹುದು. ಆದ್ದರಿಂದ ಮೊದಲ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ತರಬೇತಿಗೆ ಬಳಸುವ ಆಯ್ಕೆಯನ್ನು ಆಫ್ ಮಾಡಿಬಿಡಿ. ಅದಾದ ಮೇಲೂ ಹೆಸರು, ಊರು, ಸರ್ವೆ ನಂಬರು, ಆಧಾರ್, ಫೋನ್ ನಂಬರು ಯಾವುದನ್ನೂ ಕೊಡಬೇಡಿ. ‘ವಾದಿ’, ‘2ನೇ ಪ್ರತಿವಾದಿ’, ‘ಎ ಷೆಡ್ಯೂಲ್ ಸ್ವತ್ತು’ ಎಂದು ಬರೆದರೆ ಕಾನೂನಿನ ಪ್ರಶ್ನೆಗೆ ಸಾಕಾಗುತ್ತದೆ.

ನಮ್ಮಂಥ ಜಿಲ್ಲೆಯಲ್ಲಿ ಹೆಸರು ತೆಗೆದರೂ ಗುರುತು ಉಳಿಯುತ್ತದೆ. ಇಂಥ ಹೋಬಳಿಯ ನಿವೃತ್ತ ಮುಖ್ಯೋಪಾಧ್ಯಾಯರು, ಎರಡು ಮದುವೆ, ಹೇಮಾವತಿ ಹಿನ್ನೀರಿಗೆ ಹೋದ ಜಮೀನು ಎಂದು ಬರೆದರೆ ಊರಿನವರಿಗೆ ಬೇರೆ ಸುಳಿವು ಬೇಕಿಲ್ಲ. ಕಿರಿಯರಿಗೆ ನಾನು ಹೇಳುವ ಅಳತೆ ಒಂದೇ: ಹಾಸನ–ಸಕಲೇಶಪುರ ಬಸ್ಸಿನಲ್ಲಿ ಕುಳಿತು ಗಟ್ಟಿಯಾಗಿ ಹೇಳಲಾಗದ್ದನ್ನು ಟೈಪ್ ಮಾಡಬೇಡಿ. ಲೈಂಗಿಕ ಅಪರಾಧ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಪ್ರಕರಣದ ಕಾಗದಗಳು, ವಿಚ್ಛೇದನ ಪ್ರಕರಣದ ಅಫಿಡವಿಟ್ ಇವುಗಳನ್ನಂತೂ ಹೆಸರು ಅಳಿಸಿಯೂ ಕೊಡಬೇಡಿ. ಸಂತ್ರಸ್ತರ ಗುರುತು ಪ್ರಕಟಿಸುವುದನ್ನೇ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಅಪರಾಧವೆಂದಿದೆ. ಕಾನೂನು ಅಷ್ಟು ಬಿಗಿಯಾಗಿ ಕಾಯುವ ಗುರುತನ್ನು ನಾವು ಅನುಕೂಲಕ್ಕಾಗಿ ಸಡಿಲ ಬಿಡುವುದು ನ್ಯಾಯವಲ್ಲ.

ನ್ಯಾಯಾಲಯದ ಎದುರಿನ ಡಿಟಿಪಿ ಅಂಗಡಿಗೂ ಇದೇ ಮಾತು. ಇಂಗ್ಲಿಷ್ ಕರಡನ್ನು ಕನ್ನಡಕ್ಕೆ ತರಲು ಅಲ್ಲಿನವರು ಅದನ್ನು ಯಾವ ಆ್ಯಪ್‌ಗೆ ಹಾಕುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ಬೇಡವೆಂದು ಸ್ಪಷ್ಟವಾಗಿ ಹೇಳುವುದು ನಮ್ಮ ಕೆಲಸ, ಅವರದಲ್ಲ.

ತೀರ್ಪು ಕೊಟ್ಟರೆ ತೆರೆದು ಓದಿ

2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯವು ಮಾಟಾ ವಿರುದ್ಧ ಅವಿಯಾಂಕಾ ಪ್ರಕರಣದಲ್ಲಿ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ಚಾಟ್‌ಜಿಪಿಟಿ ಕಟ್ಟಿಕೊಟ್ಟ, ಎಂದೂ ಹುಟ್ಟದ ತೀರ್ಪುಗಳನ್ನು ಅವರು ಉಲ್ಲೇಖಿಸಿದ್ದರು. ನಮ್ಮಲ್ಲಿಯೂ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳು ಕಾಣಿಸಿಕೊಂಡದ್ದನ್ನು ಕರ್ನಾಟಕ ಹೈಕೋರ್ಟ್ 2025ರಲ್ಲಿ ಗಂಭೀರವಾಗಿ ಪರಿಗಣಿಸಿತು. ಅದೇ ವರ್ಷ ಜುಲೈನಲ್ಲಿ ಕೇರಳ ಹೈಕೋರ್ಟ್ ತನ್ನ ಜಿಲ್ಲಾ ನ್ಯಾಯಾಂಗಕ್ಕೆ ನೀತಿಯೊಂದನ್ನು ಹೊರಡಿಸಿ, ತೀರ್ಪು ನೀಡುವ ಕೆಲಸಕ್ಕೆ ಈ ಸಾಧನಗಳನ್ನು ಬಳಸಕೂಡದು ಎಂದಿತು.

ಈ ಯಂತ್ರ ತೀರ್ಪುಗಳನ್ನು ಕಡತದಿಂದ ತೆಗೆದು ಕೊಡುವುದಿಲ್ಲ. ಒಂದು ಪದದ ನಂತರ ಬರಬಹುದಾದ ಪದವನ್ನು ಊಹಿಸುತ್ತಾ ಹೋಗುತ್ತದೆ. ಹಾಗಾಗಿ ಕಕ್ಷಿಗಳ ಹೆಸರು, ವರ್ಷ, ಎಸ್‌ಸಿಸಿ ಎಂಬ ತೀರ್ಪು ವರದಿ ಸರಣಿಯ ಸಂಪುಟ, ಪುಟ ಎಲ್ಲವೂ ಅಚ್ಚುಕಟ್ಟಾಗಿ ಇದ್ದೂ ತೀರ್ಪೇ ಇಲ್ಲದಿರಬಹುದು. ಅದು ಹೇಳಿದ ಪ್ರತಿ ತೀರ್ಪನ್ನೂ ಸುಪ್ರೀಂ ಕೋರ್ಟಿನ ತೀರ್ಪುಗಳ ಆನ್‌ಲೈನ್ ಸಂಗ್ರಹವಾದ ಇ-ಎಸ್‌ಸಿಆರ್‌ನಲ್ಲಿ ಅಥವಾ ಹೈಕೋರ್ಟಿನ ಜಾಲತಾಣದಲ್ಲಿ ಹುಡುಕಿ. ಎರಡಕ್ಕೂ ಹಣ ಕೊಡಬೇಕಿಲ್ಲ. ಸಿಕ್ಕರೆ ತೆರೆದು, ನೀವು ಉಲ್ಲೇಖಿಸುವ ಕಂಡಿಕೆಯನ್ನು ಹಿಂದುಮುಂದಿನ ಕಂಡಿಕೆಗಳೊಂದಿಗೆ ಓದಿ. ‘ಈ ತೀರ್ಪು ನಿಜವೇ’ ಎಂದು ಆ ಯಂತ್ರವನ್ನೇ ಕೇಳುವುದು ಪರಿಶೀಲನೆಯಲ್ಲ. ನ್ಯೂಯಾರ್ಕಿನ ವಕೀಲರೂ ಕೇಳಿದ್ದರು, ನಿಜವೆಂದೇ ಉತ್ತರ ಬಂದಿತ್ತು.

ತೀರ್ಪು ನಿಜವಾಗಿದ್ದರೂ ಅದು ಇಂದಿಗೂ ನಿಂತಿದೆಯೇ ಎಂದು ನೋಡಬೇಕು. ಹೆಣ್ಣುಮಕ್ಕಳ ಪಾಲಿನ ಪ್ರಶ್ನೆಯನ್ನೇ ತೆಗೆದುಕೊಳ್ಳಿ, ನಮ್ಮ ಜಿಲ್ಲೆಯಲ್ಲಿ ಇಂಥ ದಾವೆಗಳಿಗೆ ಬರವಿಲ್ಲ. 2015ರ ಪ್ರಕಾಶ್ ವಿರುದ್ಧ ಫೂಲವತಿ ತೀರ್ಪು ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕು ಎಂದಿತ್ತು. 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಅದನ್ನು ತಳ್ಳಿಹಾಕಿತು, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. ಹಳೆಯದನ್ನೇ ಇಂದಿನ ಕಾನೂನು ಎಂದು ಯಂತ್ರ ಹೇಳಿದರೆ, ಅದನ್ನು ನಂಬಿ ಪಾಲು ಬಿಟ್ಟುಕೊಡಲು ಸಲಹೆ ಕೊಟ್ಟರೆ, ನಷ್ಟವಾಗುವುದು ಒಬ್ಬ ಹೆಣ್ಣುಮಗಳಿಗೆ. ಇನ್ನು ಅದೇ ಕಾಯ್ದೆಗೆ 1994ರ ಕರ್ನಾಟಕದ ತಿದ್ದುಪಡಿ: ಆ ವರ್ಷದ ಜುಲೈ 30ರಿಂದ ಜಾರಿಗೆ ಬಂದ ಅದು, ಅದಕ್ಕೂ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಹಳೆಯ ವಿಭಾಗ ಪತ್ರಗಳನ್ನು ನೋಡುವಾಗ ಇದು ಬೇಕಾಗುತ್ತದೆ.

ರಾಜ್ಯದ ಕಾನೂನುಗಳಲ್ಲಿ ಎಚ್ಚರ ಇನ್ನೂ ಹೆಚ್ಚಿರಲಿ. ಕೃಷಿ ಜಮೀನು ಯಾರು ಕೊಳ್ಳಬಹುದು ಎಂಬುದಕ್ಕೆ ಮಿತಿ ಹಾಕಿದ್ದ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು 2020ರ ತಿದ್ದುಪಡಿ ಕೈಬಿಟ್ಟಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಪಿಟಿಸಿಎಲ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿದೆ, ಅರ್ಜಿ ಹಾಕುವಲ್ಲಿನ ವಿಳಂಬದ ಬಗ್ಗೆ ಅದಕ್ಕೂ ಮುಂಚೆ ಬಂದ ತೀರ್ಪುಗಳನ್ನು ಓದುವಾಗ ಅದನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಕ್ರಿಮಿನಲ್ ಕಡೆ, ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕೆ ಮೊದಲಿನ ಕೃತ್ಯಕ್ಕೆ ಹಳೆಯ ದಂಡ ಸಂಹಿತೆಯೇ (ಐಪಿಸಿ) ಅನ್ವಯಿಸುತ್ತದೆ. ಕೃತ್ಯದ ದಿನಾಂಕ ಹೇಳದೆ ಕಲಂ ಕೇಳಿದರೆ ಹಳೆಯದೂ ಹೊಸದೂ ಬೆರೆತು ಬರುವ ಸಂಭವವೇ ಹೆಚ್ಚು.

ಪಹಣಿ, ಪತ್ರ, ದಿನಾಂಕ

ಪಹಣಿಯಲ್ಲಿ 2-30 ಎಂದರೆ ಎರಡು ಎಕರೆ ಮೂವತ್ತು ಗುಂಟೆ. ಎಕರೆಗೆ 40 ಗುಂಟೆ. ಇದಕ್ಕೆ 1-25 ಸೇರಿಸಿದರೆ 4 ಎಕರೆ 15 ಗುಂಟೆ. ಅಂಕಿಗಳನ್ನು ದಶಮಾಂಶವೆಂದು ತಿಳಿದು ಕೂಡಿದರೆ 3.55 ಎಂದು ಬರುತ್ತದೆ. ಷೆಡ್ಯೂಲಿನ ವಿಸ್ತೀರ್ಣವನ್ನು ಕೈಯಲ್ಲೇ ಲೆಕ್ಕ ಹಾಕಿ. ಚಕ್ಕುಬಂದಿಯ ನಾಲ್ಕು ದಿಕ್ಕನ್ನೂ ಮೂಲ ಪತ್ರದೊಂದಿಗೆ ಹೋಲಿಸಿ. ಚೆಕ್ ಪ್ರಕರಣದಲ್ಲಿ ಚೆಕ್ ಅಮಾನ್ಯವಾಯಿತೆಂದು ಬ್ಯಾಂಕಿನ ಮಾಹಿತಿ ಬಂದ 30 ದಿನದೊಳಗೆ ನೋಟಿಸು, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ, ಆಮೇಲೆ ದೂರಿಗೆ ಒಂದು ತಿಂಗಳು. ಈ ಲೆಕ್ಕ ಕ್ಯಾಲೆಂಡರ್ ಮುಂದಿಟ್ಟುಕೊಂಡು ನೀವೇ ಮಾಡಬೇಕಾದದ್ದು.

ಮಸುಕಾದ ಹಳೆಯ ಕ್ರಯಪತ್ರದ ಫೋಟೊವನ್ನು ‘ಸ್ಪಷ್ಟಗೊಳಿಸಲು’ ಕೃತಕ ಬುದ್ಧಿಮತ್ತೆಗೆ ಎಂದೂ ಕೊಡಬೇಡಿ. ಅಳಿಸಿಹೋದ ಅಕ್ಷರದ ಜಾಗದಲ್ಲಿ ಅದು ಊಹೆಯ ಅಕ್ಷರ ತುಂಬುತ್ತದೆ. ಆ ಪ್ರತಿ ಕಡತ ಸೇರಿದರೆ ಪತ್ರವನ್ನೇ ತಿದ್ದಿದ ಆರೋಪ ಕಕ್ಷಿದಾರರ ತಲೆಗೆ ಬರುತ್ತದೆ. ಉಪನೋಂದಣಾಧಿಕಾರಿಗಳ ಕಚೇರಿಯಿಂದ ದೃಢೀಕೃತ ನಕಲು ಪಡೆಯಿರಿ. ವಾಟ್ಸ್‌ಆ್ಯಪ್ ಸಂದೇಶ, ಧ್ವನಿಮುದ್ರಣಗಳಾದರೆ ಮೂಲ ಮೊಬೈಲನ್ನು ಹಾಗೆಯೇ ಇಡಲು ಹೇಳಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರದಲ್ಲಿ ಹ್ಯಾಷ್ ಮೌಲ್ಯ (ಡಿಜಿಟಲ್ ಕಡತ ಬದಲಾಗಿಲ್ಲವೆಂದು ತೋರಿಸುವ ಅಂಕಿ-ಅಕ್ಷರಗಳ ಗುರುತು) ಬರೆಯಬೇಕು, ಅದರ ಎರಡನೇ ಭಾಗಕ್ಕೆ ತಜ್ಞರ ಸಹಿಯೂ ಬೇಕು.

ಹಾಗಾದರೆ ಯಾವುದಕ್ಕೆ ಬಳಸಬಹುದು? ಘಟನೆಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಲು, ನೋಟಿಸಿನ ಕರಡಿನ ಭಾಷೆ ತಿಳಿಗೊಳಿಸಲು ಅದು ಚೆನ್ನಾಗಿದೆ. ನನಗೆ ಅತ್ಯಂತ ಉಪಯುಕ್ತವಾಗಿರುವುದು ಎದುರು ವಕೀಲರ ಪಾತ್ರ ಕೊಟ್ಟು ‘ನನ್ನ ವಾದ ಎಲ್ಲಿ ದುರ್ಬಲವಾಗಿದೆ’ ಎಂದು ಕೇಳುವುದು. ಪಾಟೀಸವಾಲಿಗೆ ಮೊದಲು ಹೀಗೆ ಕೇಳಿದರೆ ನಾವು ಯೋಚಿಸದ ಒಂದೆರಡು ಪ್ರಶ್ನೆಗಳು ಸಿಗುತ್ತವೆ. ಯಾವುದನ್ನು ಸಾಕ್ಷಿಗೆ ಹಾಕಬೇಕು ಎಂಬುದು ಮಾತ್ರ ಆ ಸಾಕ್ಷಿಯ ಮುಖ ನೋಡಿದವರಿಗೇ ಗೊತ್ತಾಗುವ ವಿಷಯ.

ಈಗ ಕಕ್ಷಿದಾರರೂ ಮೊಬೈಲಿನಲ್ಲಿ ಉತ್ತರ ಹಿಡಿದುಕೊಂಡು ಬರುತ್ತಾರೆ. ‘ಮೇಡಂ, ಇದರಲ್ಲಿ ನಮಗೇ ಡಿಕ್ರಿ ಆಗುತ್ತದೆ ಅಂತಿದೆ’ ಎನ್ನುವವರನ್ನು ಗದರಬೇಡಿ. ಕುಳ್ಳಿರಿಸಿ, ಆ ಉತ್ತರವನ್ನು ಅವರೊಂದಿಗೆ ಓದಿ, ಅವರ ಪಹಣಿ ಮತ್ತು ಮ್ಯುಟೇಷನ್ ತೋರಿಸಿ ಎಲ್ಲಿ ಹೊಂದುವುದಿಲ್ಲ ಎಂದು ಹೇಳಿ. ನಿಮ್ಮ ಕಚೇರಿಯಲ್ಲಿ ಈ ಸಾಧನ ಬಳಸುತ್ತೀರಿ, ಹೆಸರು ಮತ್ತು ದಾಖಲೆ ಹೊರಗೆ ಹೋಗುವುದಿಲ್ಲ ಎಂಬುದನ್ನು ವಕಾಲತ್ತು ಪಡೆಯುವಾಗಲೇ ತಿಳಿಸಿ. ಬೇಡವೆಂದರೆ ಆ ಕಡತಕ್ಕೆ ಬಳಸಬೇಡಿ. ಒಪ್ಪಿಗೆಯನ್ನು ಒಂದು ಸಾಲಿನಲ್ಲಿ ಬರೆಸಿಕೊಳ್ಳಿ.

ಇಷ್ಟಾದರೂ ತಪ್ಪು ಉಲ್ಲೇಖವೊಂದು ನ್ಯಾಯಾಲಯಕ್ಕೆ ಹೋಗಿಬಿಟ್ಟರೆ, ಮುಂದಿನ ವಾಯಿದೆಗೆ ಕಾಯಬೇಡಿ. ಯಾವ ಪುಟದ ಯಾವ ಉಲ್ಲೇಖವನ್ನು ಹಿಂಪಡೆಯುತ್ತೀರಿ ಎಂದು ಹೆಸರಿಸಿ ಮೆಮೊ ಸಿದ್ಧಪಡಿಸಿ, ಎದುರು ವಕೀಲರಿಗೆ ಪ್ರತಿ ಕೊಟ್ಟು, ಪ್ರಕರಣವನ್ನು ಮುಂಚಿತವಾಗಿ ತೆಗೆದುಕೊಳ್ಳಲು ಅರ್ಜಿ ಹಾಕಿ. ಗುಮಾಸ್ತರ ಕೈಯಲ್ಲಿ ಕಳುಹಿಸದೆ, ನೀವೇ ನಿಂತು ಸಲ್ಲಿಸಿ. ಆ ಉಲ್ಲೇಖವಿಲ್ಲದೆ ನಿಮ್ಮ ವಾದ ಯಾವ ಕಲಂ ಮೇಲೆ ನಿಲ್ಲುತ್ತದೆ ಎಂಬುದನ್ನು ಅದೇ ಮೆಮೊದಲ್ಲಿ ಬರೆಯಿರಿ, ಕಕ್ಷಿದಾರರಿಗೂ ಅಂದೇ ಫೋನ್ ಮಾಡಿ ತಿಳಿಸಿ.